ಎಂ.ಎ. ತರಗತಿಯ ಎರಡನೆಯ ವರ್ಷ



ಹಲವು ವರ್ಷಗಳ ಹಿಂದಿನ ಸಂಗತಿ. ಪದವಿ ಪರೀಕ್ಷೆಯ ಫಲಿತಾಂಶಗಳು ಪ್ರಕಟವಾಗಿ, ಸ್ನಾತಕೋತ್ತರ ತರಗತಿಗಳ ಪ್ರವೇಶಕ್ಕೆ ಅರ್ಜಿಗಳನ್ನು ಸ್ವೀಕರಿಸುತ್ತಿದ್ದ ದಿನಗಳಲ್ಲಿ, ನಾನು ಅಧ್ಯಾಪಕನಾಗಿದ್ದ ಕನ್ನಡ ವಿಭಾಗದ ಮುಂದಿನ ಕಲ್ಲುಜಗಲಿಯ ಮೇಲೆ, ಕನಕಪುರದ ಕಡೆಯಿಂದ ಬಂದ ರೈತರೊಬ್ಬರು ತಮ್ಮ ಮಗಳೊಡನೆ ಬೆಳಗಿನಿಂದಲೂ ಕುಳಿತಿದ್ದರು. ಮಗಳು ಅಂಕಪಟ್ಟಿಗಳನ್ನು ತೋರಿಸಲು ಕಚೇರಿಯ ಒಳಕ್ಕೆ ಹೋದಾಗ ಅವರು ಎದ್ದು ನನ್ನ ಬಳಿಗೆ ಬಂದು, ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು, "ತಪ್ಪು ತಿಳ್ಕೋಬೇಡಿ ಸ್ವಾಮಿ, ಒಂದು ಮಾತು ಕೇಳ್ತೀನಿ. ಮಗಳು ಮೂರು ವರ್ಷ ಕನ್ನಡ ಓದವ್ಳೆ, ಬಿ.ಎ. ಆಯ್ತು. ಇನ್ನೂ ಎರಡು ವರ್ಷ ಅದೇ ಕನ್ನಡಾನೇ ಓದ್ತೀನಿ ಅಂತಾಳೆ. ಆ ಎರಡು ವರ್ಷದಾಗೆ ಏನಿರ್ತದೆ?" ಎಂದು ಕೇಳಿದರು. ನಾನು ಹಳಗನ್ನಡ, ಛಂದಸ್ಸು, ಕಾವ್ಯಮೀಮಾಂಸೆ, ಭಾಷಾವಿಜ್ಞಾನ, ಶಾಸನಶಾಸ್ತ್ರ ಎಂದು ಪತ್ರಿಕೆಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದೆನು. ಅವರು ವಿನಯದಿಂದ ತಲೆದೂಗಿದರು. ಆದರೆ ಅವರ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲವೆಂಬುದು ಅವರಿಗೂ ತಿಳಿದಿತ್ತು, ನನಗೂ ತಿಳಿದಿತ್ತು. ಈ ದಿನದ ಬಾನುಲಿ ಭಾಷಣದಲ್ಲಿ ಆ ಉತ್ತರವನ್ನು ಹೇಳಲು ಯತ್ನಿಸುತ್ತೇನೆ.

ಮೊದಲು ಹೆಸರಿನಿಂದಲೇ ತೊಡಗೋಣ. ಎಂ.ಎ. ಎಂಬುದರ ಮೊದಲ ಅಕ್ಷರ 'ಮಾಸ್ಟರ್' ಎಂಬ ಶಬ್ದವನ್ನು ಸೂಚಿಸುವುದಷ್ಟೆ. ಅದರ ಮೂಲ ಲ್ಯಾಟಿನ್ ಭಾಷೆಯ 'ಮ್ಯಾಜಿಸ್ಟರ್', ಅರ್ಥ, ಗುರು. ಮಧ್ಯಯುಗದ ಪ್ಯಾರಿಸ್ ಮೊದಲಾದ ವಿದ್ಯಾಪೀಠಗಳಲ್ಲಿ ಈ ಬಿರುದನ್ನು ಪಡೆದವನು ಇತರರಿಗೆ ಪಾಠ ಹೇಳಲು ಅಧಿಕಾರವುಳ್ಳವನೆಂದು ಗಣಿತನಾಗುತ್ತಿದ್ದನು. ನಮ್ಮ ಹಳ್ಳಿಗಳಲ್ಲಿ ಮಕ್ಕಳು ಆದರದಿಂದ ಕರೆಯುವ 'ಮೇಷ್ಟ್ರು' ಎಂಬ ಮಾತಿನಲ್ಲಿರುವುದೂ ಅದೇ ಧಾತು. ಪ್ಯಾರಿಸ್ಸಿನ ಪಂಡಿತನನ್ನೂ ನಮ್ಮ ಊರಿನ ಶಾಲೆಯ ಉಪಾಧ್ಯಾಯರನ್ನೂ ಒಂದೇ ಶಬ್ದವು ಬಂಧುಗಳನ್ನಾಗಿ ಮಾಡಿರುವುದು ನನಗೆ ಪ್ರಿಯವಾದ ಸಂಗತಿ. ಆದರೆ ಒಂದೇ ಹೆಸರಿನ ಪದವಿಯು ಒಂದೊಂದು ದೇಶದಲ್ಲಿ ಒಂದೊಂದು ವಸ್ತುವಾಗಿದೆ. ಸ್ಕಾಟ್ಲೆಂಡಿನ ಪ್ರಾಚೀನ ವಿಶ್ವವಿದ್ಯಾನಿಲಯಗಳಲ್ಲಿ ಎಂ.ಎ. ಎಂದರೆ ನಾಲ್ಕು ವರ್ಷ ಓದಿ ಪಡೆಯುವ ಮೊದಲನೆಯ ಪದವಿ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿಯಾದರೋ ಬಿ.ಎ. ಆದವನಿಗೆ ಕೆಲವು ವರ್ಷಗಳು ಕಳೆದ ಮೇಲೆ, ಬೇರೊಂದು ಪರೀಕ್ಷೆಯಿಲ್ಲದೆಯೇ, ಎಂ.ಎ. ಗೌರವವು ಲಭಿಸುತ್ತದೆ. ಸ್ನಾತಕ ಪದವಿಯ ಮೇಲೆ ಮತ್ತೆ ತರಗತಿಯಲ್ಲಿ ಕುಳಿತು, ಒಂದೇ ವಿಷಯವನ್ನು ಆಳವಾಗಿ ಓದಿ, ಪರೀಕ್ಷೆಗಳನ್ನು ಕೊಟ್ಟು ಪಡೆಯುವ ನಮ್ಮ ಎರಡು ವರ್ಷಗಳ ಎಂ.ಎ.ಗೆ ಬೇರೆಯೇ ಆದ ಇತಿಹಾಸವುಂಟು. ಆ ಇತಿಹಾಸವನ್ನರಿಯದೆ ಅದರ ಇಂದಿನ ರಚನೆಯು ಅರ್ಥವಾಗುವುದಿಲ್ಲ.

1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ನಮ್ಮ ಮೊದಲ ಮೂರು ಆಧುನಿಕ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದಾಗ ಅವುಗಳಿಗೆ ಮಾದರಿಯಾದುದು ಅಂದಿನ ಲಂಡನ್ ವಿಶ್ವವಿದ್ಯಾನಿಲಯ. ಆ ಮಾದರಿಯ ವಿಶ್ವವಿದ್ಯಾನಿಲಯದಲ್ಲಿ ಪಾಠದ ಕೊಠಡಿಯಿಲ್ಲ, ಪ್ರಾಧ್ಯಾಪಕನಿಲ್ಲ. ಪಾಠ ಹೇಳುವ ಕೆಲಸವು ಅಲ್ಲಲ್ಲಿಯ ಕಾಲೇಜುಗಳದು, ಪರೀಕ್ಷೆ ನಡೆಸಿ ಪದವಿ ಕೊಡುವುದಷ್ಟೇ ವಿಶ್ವವಿದ್ಯಾನಿಲಯದ್ದು. ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜುಗಳ ವಿದ್ಯಾರ್ಥಿಗಳೂ ಬಹುಕಾಲ ಮದರಾಸಿನ ಪರೀಕ್ಷೆಗಳನ್ನೇ ಕೊಡಬೇಕಾಗಿತ್ತು. ಹೀಗೆ ಈ ದೇಶದಲ್ಲಿ ಪರೀಕ್ಷೆಯು ಮೊದಲು ಬಂದಿತು, ಉನ್ನತ ವಿದ್ಯೆಯ ಬೋಧನೆಯು ಅನಂತರ ಬಂದಿತು; ಅಡಿಗೆಗಿಂತ ಮುಂಚೆ ಎಲೆ ಹಾಕಿದಂತಾಯಿತು. ಅಂದಿನಿಂದ ಇಂದಿನವರೆಗೆ ನಮ್ಮ ಸ್ನಾತಕೋತ್ತರ ಪದವಿಗೆ ಆಗಿರುವ ಸುಧಾರಣೆಗಳೆಲ್ಲವೂ, ನನ್ನ ದೃಷ್ಟಿಯಲ್ಲಿ, ಆ ಎಲೆಯ ಮೇಲೆ ಅನ್ನವನ್ನು ಬಡಿಸಲು ನಡೆದ ಪ್ರಯತ್ನಗಳೇ ಆಗಿವೆ.

ಅಂಥ ವ್ಯವಸ್ಥೆಯಲ್ಲಿಯೂ ಪ್ರತಿಭೆಯು ದಾರಿ ಮಾಡಿಕೊಂಡಿತೆಂಬುದು ನಿಜ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಎಂ.ಎ.ಗೆ ಓದುತ್ತಿದ್ದ ಹದಿನೆಂಟು ವರ್ಷದ ತರುಣನೊಬ್ಬನು, ಪಾಠಗಳ ಬಂಧನದಿಂದ ತನ್ನನ್ನು ಬಿಡಿಸಿ ಪ್ರಯೋಗಶಾಲೆಯಲ್ಲಿ ಇಚ್ಛೆಯಂತೆ ಕೆಲಸ ಮಾಡಲು ಬಿಟ್ಟ ಉದಾರಿಯಾದ ಅಧ್ಯಾಪಕರ ಕೃಪೆಯಿಂದ, ಬೆಳಕಿನ ವಿವರ್ತನೆಯನ್ನು ಕುರಿತು ಪ್ರಬಂಧವೊಂದನ್ನು ಬರೆದು, 1906ರಲ್ಲಿ ಲಂಡನ್ನಿನ 'ಫಿಲಸಾಫಿಕಲ್ ಮ್ಯಾಗಜೀನ್' ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಪ್ರಕಟಿಸಿದನು. ಆ ತರುಣನು ಚಂದ್ರಶೇಖರ ವೆಂಕಟ ರಾಮನ್. ಮುಂದೆ ನಮ್ಮ ಬೆಂಗಳೂರನ್ನೇ ತಮ್ಮ ಊರನ್ನಾಗಿ ಮಾಡಿಕೊಂಡ ಮಹನೀಯರು. ಅದೇ ಕಾಲದಲ್ಲಿ, ಅದೇ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ, ಎಂ.ಎ. ಪದವಿಯ ಅಂಗವಾಗಿ ಒಂದು ಸಂಪ್ರಬಂಧವನ್ನು ಬರೆಯಬೇಕಾಗಿದ್ದ ಮತ್ತೊಬ್ಬ ತರುಣನು ವೇದಾಂತದ ನೀತಿಶಾಸ್ತ್ರವನ್ನು ವಿಷಯವನ್ನಾಗಿ ಆರಿಸಿಕೊಂಡನು. ವೇದಾಂತದಲ್ಲಿ ನೀತಿಗೆ ಸ್ಥಾನವಿಲ್ಲವೆಂಬ ಆಕ್ಷೇಪಕ್ಕೆ ಅದು ಉತ್ತರವಾಗಿತ್ತು. 1908ರಲ್ಲಿ ಅದು ಗ್ರಂಥವಾಗಿ ಪ್ರಕಟವಾದಾಗ ಲೇಖಕನಿಗೆ ಇಪ್ಪತ್ತು ವರ್ಷ ವಯಸ್ಸು. ಆತನೇ ಮುಂದೆ 1918ರಿಂದ ಮೂರು ವರ್ಷ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾಗಿದ್ದು, ತರುವಾಯ ರಾಷ್ಟ್ರದ ಅಧ್ಯಕ್ಷಪದವಿಯವರೆಗೆ ಏರಿದ ಸರ್ವೇಪಲ್ಲಿ ರಾಧಾಕೃಷ್ಣನ್. ಈ ಇಬ್ಬರ ಜೀವನದ ಹೊಳೆಯು ಎಲ್ಲಿಂದ ಹೊರಟಿತೆಂದು ಹುಡುಕುತ್ತ ಹೋದರೆ ನಾವು ತಲುಪುವುದು ಎಂ.ಎ. ತರಗತಿಯಲ್ಲಿ ಅವರು ತಾವಾಗಿ ಎತ್ತಿಕೊಂಡ ಒಂದು ಪ್ರಶ್ನೆಯನ್ನೇ ಎಂಬುದನ್ನು ತಾವು ಲಕ್ಷಿಸಬೇಕೆಂದು ಬೇಡುತ್ತೇನೆ.

ಆದರೆ ರಾಮನ್‌ರಿಗೆ ದೊರೆತ ಬಿಡುವು ಅಧ್ಯಾಪಕರೊಬ್ಬರ ಔದಾರ್ಯದಿಂದ ದೊರೆತುದು, ನಿಯಮದಿಂದಲ್ಲ. ಔದಾರ್ಯವನ್ನು ನಿಯಮವನ್ನಾಗಿ ಪರಿವರ್ತಿಸುವ ಕಾರ್ಯಕ್ಕೆ ಮೊದಲು ಕೈಹಾಕಿದವರು ಕಲ್ಕತ್ತದ ಅಶುತೋಷ ಮುಖರ್ಜಿಯವರು. ವಿಶ್ವವಿದ್ಯಾನಿಲಯಗಳು ತಾವೇ ಪ್ರಾಧ್ಯಾಪಕರನ್ನು ನೇಮಿಸಿಕೊಂಡು ಪಾಠ ಹೇಳಬಹುದೆಂದು 1904ರ ಶಾಸನವು ಅವಕಾಶವಿತ್ತಿತ್ತು. ಅದನ್ನು ಆಧಾರವಾಗಿಟ್ಟುಕೊಂಡು ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ಅವರು ಅಲ್ಲಲ್ಲಿ ಚದುರಿದ್ದ ಎಂ.ಎ. ಬೋಧನೆಯನ್ನು 1917ರಲ್ಲಿ ವಿಶ್ವವಿದ್ಯಾನಿಲಯದ ಕೇಂದ್ರಕ್ಕೆ ತಂದು, ಕಲೆಗೊಂದು ವಿಜ್ಞಾನಕ್ಕೊಂದರಂತೆ ಸ್ನಾತಕೋತ್ತರ ಮಂಡಲಿಗಳನ್ನು ರಚಿಸಿದರು. ಸರ್ಕಾರದ ಹಣಕಾಸಿನ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ರಾಮನ್‌ರನ್ನು ಪ್ರಾಧ್ಯಾಪಕ ಪೀಠಕ್ಕೆ ಕರೆತಂದವರೂ ಅವರೇ. ಅದಾದ ಸ್ವಲ್ಪ ಕಾಲದಲ್ಲೇ, 1919ರಲ್ಲಿ, ದೇಶಭಾಷೆಗಳಲ್ಲಿ ಎಂ.ಎ. ಓದುವ ಏರ್ಪಾಡು ಅಲ್ಲಿ ಆಯಿತು. ತಾಯಿನುಡಿಯು ವಿದ್ವತ್ತಿನ ಅತ್ಯುನ್ನತ ಪದವಿಗೆ ಯೋಗ್ಯವೆಂದು ಒಂದು ವಿಶ್ವವಿದ್ಯಾನಿಲಯವು ಒಪ್ಪಿಕೊಂಡ ಆ ಘಳಿಗೆಯನ್ನು ಕನ್ನಡಿಗರಾದ ನಾವೂ ಕೃತಜ್ಞತೆಯಿಂದ ನೆನೆಯಬೇಕು.

ಏಕೆಂದರೆ ನಮ್ಮಲ್ಲಿಯೂ ಅದು ಬಹಳ ತಡವಾಗಲಿಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ, ಬ್ರಜೇಂದ್ರನಾಥ ಸೀಲರು ಉಪಕುಲಪತಿಗಳಾಗಿದ್ದಾಗ, 1927ರಲ್ಲಿ ಕನ್ನಡ ಎಂ.ಎ. ತರಗತಿಯು ಆರಂಭವಾಯಿತು. 1929ರಲ್ಲಿ ಅದರಿಂದ ಉತ್ತೀರ್ಣರಾಗಿ ಹೊರಬಂದವರಲ್ಲಿ ಒಬ್ಬರು ಕುಪ್ಪಳಿಯ ಪುಟ್ಟಪ್ಪನವರು, ಎಂದರೆ ಕುವೆಂಪು ಅವರು. ತತ್ತ್ವಶಾಸ್ತ್ರ, ಇತಿಹಾಸ, ಮನಶ್ಶಾಸ್ತ್ರಗಳ ಅಧ್ಯಾಪಕರು ಒಂದೇ ಕಾಲೇಜಿನ ಒಂದೇ ಪಡಸಾಲೆಯಲ್ಲಿ ಎದುರುಬದುರಾಗುತ್ತಿದ್ದ ಕಾಲವದು. ಪ್ರಸಂಗಾಂತರವಾದರೂ ಇಲ್ಲಿ ಒಂದು ಮಾತನ್ನು ಹೇಳಬೇಕು: 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿ, ಅದು 'ಆಕಾಶವಾಣಿ' ಎಂಬ ಹೆಸರಿನಿಂದ ಪ್ರಸಿದ್ಧವಾಗುವಂತೆ ನಡೆಸಿದ ಎಂ. ವಿ. ಗೋಪಾಲಸ್ವಾಮಿಯವರು ಅದೇ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ನಾನು ಈಗ ಮಾತನಾಡುತ್ತಿರುವ ಈ ಧ್ವನಿವಾಹಿನಿಗೂ ಉನ್ನತ ವಿದ್ಯೆಯ ಆ ಪಡಸಾಲೆಗೂ ಹೀಗೊಂದು ರಕ್ತಸಂಬಂಧವಿದೆ.

ಅಂದು ವಿದ್ಯಾರ್ಥಿಯಾಗಿದ್ದ ಕುವೆಂಪು ಅವರು 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಕಾಲೇಜುಗಳ ಕಟ್ಟಡಗಳಲ್ಲಿ ಸ್ನಾತಕ ತರಗತಿಗಳ ಗದ್ದಲದ ನಡುವೆ ಒಂದೆರಡು ಕೊಠಡಿಗಳನ್ನು ಬೇಡಿ ನಡೆಯುತ್ತಿದ್ದ ಸ್ನಾತಕೋತ್ತರ ಅಧ್ಯಯನಕ್ಕೆ ಪ್ರತ್ಯೇಕವಾದ ನೆಲೆಯೊಂದು ಬೇಕೆಂದು ಅವರು ಬಗೆದರು. 1960ರಲ್ಲಿ ಮೈಸೂರಿನ ಪಶ್ಚಿಮಕ್ಕೆ ಕುಕ್ಕರಹಳ್ಳಿ ಕೆರೆಯ ಬಳಿ ಹಬ್ಬಿದ ಬಯಲಿನಲ್ಲಿ ಅದು ಮೈದಾಳಿತು. ಅದಕ್ಕೆ ಅವರಿಟ್ಟ 'ಮಾನಸಗಂಗೋತ್ರಿ' ಎಂಬ ಹೆಸರೇ ಒಂದು ಶಿಕ್ಷಣತತ್ತ್ವವನ್ನು ಹೇಳುತ್ತದೆ: ನದಿಯು ವಿಶಾಲವಾಗಿ ಹರಿಯುವ ಬಯಲಲ್ಲ, ಅದು ಹುಟ್ಟುವ ತಾಣ. ಮುಂದೆ ಕನ್ನಡನಾಡಿನಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದ ಬಗೆಯನ್ನು ಗಮನಿಸಿದರೆ ಈ ಹೆಸರಿನ ಔಚಿತ್ಯವು ಇನ್ನೂ ಸ್ಪಷ್ಟವಾಗುವುದು. ಕೊಣಾಜೆಯ ಗುಡ್ಡದ ಮೇಲೆ 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಮೊದಲಾದುದು 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವು ಕಲಬುರಗಿಯಲ್ಲಿ ನಡೆಸುತ್ತಿದ್ದ ಸ್ನಾತಕೋತ್ತರ ಕೇಂದ್ರವೇ ಅದೇ ವರ್ಷ ಗುಲಬರ್ಗಾ ವಿಶ್ವವಿದ್ಯಾನಿಲಯವಾಯಿತು. ಭದ್ರಾ ಯೋಜನೆಯ ಬಿ.ಆರ್. ಪ್ರಾಜೆಕ್ಟಿನ ಸ್ನಾತಕೋತ್ತರ ಕೇಂದ್ರದಿಂದ 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಮೂಡಿತು. ಮೊದಲು ಕೆಲವೇ ಎಂ.ಎ., ಎಂ.ಎಸ್ಸಿ. ತರಗತಿಗಳು, ಅವುಗಳ ಸುತ್ತ ಗ್ರಂಥಾಲಯ, ವಿದ್ಯಾರ್ಥಿನಿಲಯ, ಅಧ್ಯಾಪಕರ ವಸತಿ, ಬಸ್ಸು ನಿಲ್ಲುವ ಮರದ ನೆರಳು, ಆಮೇಲೆ ವಿಶ್ವವಿದ್ಯಾನಿಲಯ. ಸ್ನಾತಕೋತ್ತರ ವಿದ್ಯೆಯು ವಿಶ್ವವಿದ್ಯಾನಿಲಯದ ಕಳಸವೆಂದು ಹೇಳುವುದುಂಟು. ನಮ್ಮ ನಾಡಿನ ಮಟ್ಟಿಗೆ ಅದು ಅಸ್ತಿವಾರವೇ ಆಗಿತ್ತು.

ಇನ್ನು ಈ ಪದವಿಯ ರಚನೆಯನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆ. ನಮ್ಮ ಸಂವಿಧಾನದಲ್ಲಿ ಉನ್ನತ ಶಿಕ್ಷಣದ ಮಟ್ಟವನ್ನು ಗೊತ್ತುಪಡಿಸಿ ಸಮನ್ವಯಗೊಳಿಸುವ ಹೊಣೆಯು ಕೇಂದ್ರಕ್ಕೆ ಸೇರಿದ್ದು; ಶಿಕ್ಷಣವು ಸಾಮಾನ್ಯವಾಗಿ 1976ರ ತಿದ್ದುಪಡಿಯ ವರೆಗೆ ರಾಜ್ಯಗಳ ವಿಷಯವಾಗಿದ್ದು ಅಂದಿನಿಂದ ಉಭಯರಿಗೂ ಸೇರಿದೆ. 1953ರಲ್ಲಿ ಆರಂಭವಾಗಿ 1956ರ ಶಾಸನದಿಂದ ಅಧಿಕಾರ ಪಡೆದ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಯಾವ ಯಾವ ಹೆಸರಿನ ಪದವಿಗಳನ್ನು ಕೊಡಬಹುದು, ಅವುಗಳ ಕನಿಷ್ಠ ಅವಧಿಯೆಷ್ಟು, ಕನಿಷ್ಠ ಅರ್ಹತೆಯೇನು ಎಂಬುದನ್ನು ವಿಧಿಸುತ್ತದೆ. ಆದರೆ ಪದವಿಯ ಒಳಗಿನ ಜೀವವು ದೆಹಲಿಯಲ್ಲಿ ನಿರ್ಮಿತವಾಗುವುದಲ್ಲ. ಒಂದೊಂದು ವಿಷಯಕ್ಕೂ ಒಂದೊಂದು ಅಧ್ಯಯನ ಮಂಡಲಿಯುಂಟು; ಅದೇ ವಿಭಾಗದ ಹಿರಿಯರೂ ಹೊರಗಿನ ವಿಶ್ವವಿದ್ಯಾನಿಲಯಗಳ ಒಬ್ಬಿಬ್ಬರು ವಿದ್ವಾಂಸರೂ ಅದರಲ್ಲಿ ಕುಳಿತು, ಯಾವ ಸೆಮಿಸ್ಟರಿನಲ್ಲಿ ಯಾವ ಪತ್ರಿಕೆ, ಪಂಪಭಾರತದ ಎಷ್ಟು ಆಶ್ವಾಸ, ಯಾವ ಶಾಸನ, ಯಾವ ಪರಾಮರ್ಶನ ಗ್ರಂಥ ಎಂದು ನಿರ್ಧರಿಸುತ್ತಾರೆ. ಅಲ್ಲಿಂದ ಅದು ವಿದ್ಯಾವಿಷಯಕ ಪರಿಷತ್ತಿಗೆ ಹೋಗಿ ಅನುಮೋದನೆ ಪಡೆಯುತ್ತದೆ. ನಾನು ಅನೇಕ ವರ್ಷ ಅಂಥ ಮಂಡಲಿಗಳಲ್ಲಿ ಕುಳಿತವನು. ಒಂದು ಕಾವ್ಯಭಾಗವನ್ನು ಉಳಿಸಬೇಕೆ ಬಿಡಬೇಕೆ ಎಂಬುದಕ್ಕಾಗಿ ಮಧ್ಯಾಹ್ನದ ಊಟವನ್ನು ಮರೆತು ವಾದಿಸಿದ ಹಿರಿಯರನ್ನು ಕಂಡಿದ್ದೇನೆ. ಆ ವಾದವು ನಡೆಯುವ ತನಕ ಪದವಿಗೆ ಜೀವವಿದೆಯೆಂದು ನನ್ನ ನಂಬಿಕೆ.

ನಾವು ಓದುತ್ತಿದ್ದಾಗ ಎರಡು ವರ್ಷಗಳಿಗೆ 'ಪ್ರೀವಿಯಸ್', 'ಫೈನಲ್' ಎಂದು ಹೆಸರಿತ್ತು. ವರ್ಷಕ್ಕೊಮ್ಮೆ ಪರೀಕ್ಷೆ, ಬೇಸಗೆಯ ಸುಡುಬಿಸಿಲಿನಲ್ಲಿ ದಿನಬಿಟ್ಟು ದಿನ ಮೂರು ಮೂರು ಗಂಟೆ ಬರೆಯಬೇಕು. ವರ್ಷವಿಡೀ ಓದಿದುದನ್ನು ಕೆಲವೇ ದಿನಗಳಲ್ಲಿ ಒಪ್ಪಿಸುವ ಈ ಕ್ರಮದ ಕ್ರೌರ್ಯವನ್ನು ನಾನು ಬಲ್ಲೆ. ಪರೀಕ್ಷೆಯ ದಿನ ಜ್ವರ ಬಂದು ಒಂದು ವರ್ಷವನ್ನೇ ಕಳೆದುಕೊಂಡ ಗೆಳೆಯರಿದ್ದರು. ಆದರೆ ಆ ಕ್ರಮದಲ್ಲಿ ಒಂದು ಗುಣವೂ ಇತ್ತು: ಜುಲೈಯಿಂದ ಮಾರ್ಚಿಯ ವರೆಗೆ ನಮ್ಮ ಮುಂದೆ ಅಖಂಡವಾದ ಕಾಲವಿತ್ತು. ಒಂದು ಪುಸ್ತಕವನ್ನು ಕೈಗೆತ್ತಿಕೊಂಡರೆ ಅದರೊಳಗೆ ದಾರಿ ತಪ್ಪುವಷ್ಟು ಕಾಲ. ದಾರಿ ತಪ್ಪಿ ಕಂಡುಕೊಂಡುದರಲ್ಲಿ ಕೆಲವು ನನಗೆ ಜೀವಮಾನಕ್ಕೂ ಒದಗಿವೆ.

ಈಗ ಎರಡು ವರ್ಷಗಳು ನಾಲ್ಕು ಸೆಮಿಸ್ಟರುಗಳಾಗಿ ಒಡೆದಿವೆ. ಪ್ರತಿಯೊಂದು ಪತ್ರಿಕೆಯೂ ಇಂತಿಷ್ಟು 'ಕ್ರೆಡಿಟ್' ತೂಗುತ್ತದೆ. ಕ್ರೆಡಿಟ್ ಎಂದರೇನೆಂದು ಪೋಷಕರು ಹಲವರು ಕೇಳುತ್ತಾರೆ. ಅದು ನಿಗೂಢವಾದುದೇನೂ ಅಲ್ಲ. ವಾರಕ್ಕೆ ಒಂದು ಗಂಟೆಯ ಪಾಠ, ಅಥವಾ ಎರಡು ಗಂಟೆಯ ಪ್ರಯೋಗ, ಒಂದು ಸೆಮಿಸ್ಟರಿನ ಉದ್ದಕ್ಕೂ ನಡೆದರೆ ಅದು ಒಂದು ಕ್ರೆಡಿಟ್. ನಾಲ್ಕು ಕ್ರೆಡಿಟ್ಟಿನ ಪತ್ರಿಕೆಗೆ ವಾರಕ್ಕೆ ನಾಲ್ಕು ಗಂಟೆ. ಹದಿನೈದು ವಾರಗಳ ಸೆಮಿಸ್ಟರಿನಲ್ಲಿ ಅರುವತ್ತು ಗಂಟೆ. ರಾಷ್ಟ್ರಮಟ್ಟದ ಇಂದಿನ ಚೌಕಟ್ಟಿನಲ್ಲಿ ವರ್ಷಕ್ಕೆ 40ರಂತೆ ಎರಡು ವರ್ಷಗಳ ಎಂ.ಎ.ಗೆ 80 ಕ್ರೆಡಿಟ್. ಪತ್ರಿಕೆಗಳಲ್ಲಿಯೂ ವರ್ಗಗಳಿವೆ. ನಮ್ಮ ಮೈಸೂರಿನ ಕಡೆಯ ವಿದ್ಯಾರ್ಥಿಗಳು ದಿನವೂ ಆಡುವ ಮಾತುಗಳಲ್ಲಿಯೇ ಹೇಳುವುದಾದರೆ, ಬಿಡಲೇಬಾರದ ಮೂಲಪತ್ರಿಕೆ 'ಹಾರ್ಡ್ ಕೋರ್'; ಅದೇ ವಿಭಾಗದಲ್ಲಿ ಹಲವಾರು ಪತ್ರಿಕೆಗಳ ನಡುವೆ ಆರಿಸಿಕೊಳ್ಳಬಹುದಾದುದು 'ಸಾಫ್ಟ್ ಕೋರ್'; ಬೇರೆ ವಿಭಾಗಕ್ಕೆ ಹೋಗಿ ಓದಬಹುದಾದುದು 'ಓಪನ್ ಎಲೆಕ್ಟಿವ್'. ಅಂಕಗಳ ಒಂದು ಭಾಗವು ಸೆಮಿಸ್ಟರಿನ ನಡುವೆ ನಡೆಯುವ ಕಿರುಪರೀಕ್ಷೆ, ಸೆಮಿನಾರು, ನಿಯೋಜಿತ ಲೇಖನಗಳಿಗೆ. ಉಳಿದುದು ಕೊನೆಯ ಪರೀಕ್ಷೆಗೆ. ಹಿಂದೆ ಪ್ರಥಮ ದರ್ಜೆ, ದ್ವಿತೀಯ ದರ್ಜೆ ಎನ್ನುತ್ತಿದ್ದ ಕಡೆ ಈಗ ಹತ್ತು ಅಂಶಗಳ ಶ್ರೇಣಿಯ ಲೆಕ್ಕವಿದೆ.

ಈ ಮಾರ್ಪಾಟಿನಲ್ಲಿ ನನಗೆ ನಿಸ್ಸಂದೇಹವಾಗಿ ಒಳ್ಳೆಯದೆಂದು ತೋರಿರುವುದು ಓಪನ್ ಎಲೆಕ್ಟಿವ್. ಭೌತಶಾಸ್ತ್ರದ ವಿದ್ಯಾರ್ಥಿಯೊಬ್ಬನು ನನ್ನ ತರಗತಿಗೆ ಬಂದು ವಚನಗಳನ್ನು ಓದಿದುದನ್ನೂ, ಕನ್ನಡದ ವಿದ್ಯಾರ್ಥಿನಿಯು ಪ್ರಾಣಿಶಾಸ್ತ್ರದ ಕೊಠಡಿಯಲ್ಲಿ ಕುಳಿತುದನ್ನೂ ನಾನು ಕಣ್ಣಾರೆ ಕಂಡೆನು. ಆದರೆ ಕ್ರೆಡಿಟ್ಟಿನ ಎಣಿಕೆಯಲ್ಲಿ ಒಂದು ವಿಚಾರವು ಬಹುಕಾಲ ನನ್ನನ್ನು ಬಾಧಿಸಿತು. ಯೂರೋಪಿನ ದೇಶಗಳು ಬೊಲೋನ್ಯಾ ನಗರದಲ್ಲಿ 1999ರಲ್ಲಿ ಮಾಡಿಕೊಂಡ ಒಪ್ಪಂದದ ಮೇಲೆ ತಮ್ಮ ಪದವಿಗಳನ್ನು ಹೊಂದಿಸಿಕೊಂಡಾಗ, ಅಲ್ಲಿಯ ಎರಡು ವರ್ಷಗಳ ಸ್ನಾತಕೋತ್ತರ ಪದವಿಗೆ 120 ಕ್ರೆಡಿಟ್ ಎಂದಾಯಿತು. ಅಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ಸಮಗ್ರ ಪರಿಶ್ರಮ: ಪಾಠ ಕೇಳಿದ್ದು, ಗ್ರಂಥಾಲಯದಲ್ಲಿ ಕುಳಿತದ್ದು, ಬರೆದದ್ದು, ಹರಿದುಹಾಕಿ ಮತ್ತೆ ಬರೆದದ್ದು, ಎಲ್ಲವೂ ಅದರಲ್ಲಿ ಸೇರಿದೆ. ನಮ್ಮದು ಪಾಠದ ಗಂಟೆಯನ್ನು ಎಣಿಸಿತು. ಅವರದು ಓದುವವನ ದೀಪದ ಎಣ್ಣೆಯನ್ನು ಎಣಿಸಿತು. ಈಚೆಗೆ ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಕೂಡ ವರ್ಷಕ್ಕೆ 1200 ಗಂಟೆಗಳ ಕಲಿಕೆಯೆಂದು ವಿದ್ಯಾರ್ಥಿಯ ಸ್ವಂತ ಓದನ್ನೂ ಗಣನೆಗೆ ತಂದಿರುವುದು ಸಂತೋಷದ ವಿಷಯ. ಆದರೆ ವೇಳಾಪಟ್ಟಿಯಲ್ಲಿ ಆ ಓದಿಗೆ ಬಿಡುವು ದೊರೆಯುವುದೆ? ಹದಿನೈದು ವಾರಗಳಲ್ಲಿ ಐದು ಪತ್ರಿಕೆಗಳ ಪಾಠ, ಕಿರುಪರೀಕ್ಷೆ, ಸೆಮಿನಾರುಗಳು ಮುಗಿಯುವಷ್ಟರಲ್ಲಿ ಕೊನೆಯ ಪರೀಕ್ಷೆ ಬಂದಿರುತ್ತದೆ. ಪರೀಕ್ಷೆಯ ಕ್ರೌರ್ಯವನ್ನು ಹಂಚಿಹಾಕಿದೆವೆಂಬುದು ನಿಜವಾದರೂ, ಹಂಚಿಹಾಕಿದಾಗ ಅದು ಎಲ್ಲ ದಿನಗಳಿಗೂ ಹರಡಿಕೊಂಡಿತು.

ಈ ನಾಲ್ಕು ಸೆಮಿಸ್ಟರುಗಳಲ್ಲಿ ವಿದ್ಯಾರ್ಥಿಯು ಉಸಿರೆಳೆದುಕೊಳ್ಳುವುದು ಎಲ್ಲಿ ಎಂದು ಕೇಳಿದರೆ, ಮೂರನೆಯ ಸೆಮಿಸ್ಟರಿನಿಂದ ಮುಂದಕ್ಕೆ ಎನ್ನುತ್ತೇನೆ. ಮೊದಲ ವರ್ಷದಲ್ಲಿ ಅವನು ಬೇರೆ ಬೇರೆ ಕಾಲೇಜುಗಳಿಂದ ತಂದ ಅಸಮವಾದ ಸಿದ್ಧತೆಯನ್ನು ಸಮಮಾಡಿಕೊಳ್ಳುತ್ತಾನೆ. ತಾಲ್ಲೂಕು ಕೇಂದ್ರದ ಕಾಲೇಜಿನಿಂದ ಬಂದವನಿಗೆ ಲಕ್ಷಾಂತರ ಪುಸ್ತಕಗಳ ಗ್ರಂಥಾಲಯವನ್ನು ಬಳಸುವುದೆಂತೆಂದು ತಿಳಿಯಲೇ ಆರು ತಿಂಗಳು ಬೇಕು. ಎರಡನೆಯ ವರ್ಷದಲ್ಲಿ ಅವನ ಬಾಯಿಂದ ಮೊದಲ ಸಲ, ಪ್ರಶ್ನೆಪತ್ರಿಕೆಯಲ್ಲಿಲ್ಲದ ಪ್ರಶ್ನೆಯೊಂದು ಹೊರಡುತ್ತದೆ. ಅದನ್ನು ಕಿರುಸಂಪ್ರಬಂಧವಾಗಿ ಬೆಳೆಸಲು ಕೊನೆಯ ಸೆಮಿಸ್ಟರಿನಲ್ಲಿ ಅವಕಾಶವಿದೆ. ಅದಕ್ಕೊಬ್ಬ ಮಾರ್ಗದರ್ಶಕರು, ಕಡೆಯಲ್ಲಿ ಹೊರಗಿನ ಪರೀಕ್ಷಕರ ಎದುರು ಮೌಖಿಕ ಪರೀಕ್ಷೆ. ವಿಶ್ವವಿದ್ಯಾನಿಲಯದ ಸಮಗ್ರ ಯಂತ್ರದಲ್ಲಿ ಗುರು ಶಿಷ್ಯರಿಬ್ಬರೂ ಇದಿರುಬದಿರಾಗಿ ಕುಳಿತು, ಇಬ್ಬರಿಗೂ ಉತ್ತರ ತಿಳಿಯದ ವಿಷಯವೊಂದನ್ನು ಕುರಿತು ಮಾತನಾಡುವ ಮೊದಲ ತಾಣವಿದು.

ಆದಕಾರಣವೇ ಈ ಎರಡನೆಯ ವರ್ಷದ ಭವಿಷ್ಯವು ನನಗೆ ಚಿಂತೆಯ ವಿಷಯವಾಗಿದೆ. ಇದು ಹೊಸ ಪ್ರಶ್ನೆಯೇನೂ ಅಲ್ಲ. 1948ರಲ್ಲಿ ರಾಧಾಕೃಷ್ಣನ್‌ರ ಅಧ್ಯಕ್ಷತೆಯಲ್ಲಿ ನೇಮಕವಾದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು, ಆನರ್ಸ್ ಮಾಡಿದವರಿಗೆ ಒಂದು ವರ್ಷದ, ಸಾಮಾನ್ಯ ಪದವಿಯವರಿಗೆ ಎರಡು ವರ್ಷಗಳ ಸ್ನಾತಕೋತ್ತರ ಅಧ್ಯಯನವು ಸಾಕೆಂದು ಸಲಹೆ ಮಾಡಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಬೇರೆಯ ಹಾದಿಯಿಂದ ಬಂದು ಬಹುಮಟ್ಟಿಗೆ ಅದೇ ಬಾಗಿಲನ್ನು ತಟ್ಟಿದೆ: ನಾಲ್ಕು ವರ್ಷಗಳ ಆನರ್ಸ್ ಪದವಿಯವರಿಗೆ ಒಂದು ವರ್ಷ, ಮೂರು ವರ್ಷಗಳ ಪದವಿಯವರಿಗೆ ಎರಡು ವರ್ಷ, ಎರಡು ವರ್ಷದ ಕ್ರಮದಲ್ಲಿ ಎರಡನೆಯ ವರ್ಷವನ್ನು ಪೂರ್ತಿಯಾಗಿ ಸಂಶೋಧನೆಗೇ ಮೀಸಲಿಡಲು ಅವಕಾಶ, ಎಂ.ಫಿಲ್. ಪದವಿಯ ಸಮಾಪ್ತಿ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷಗಳ ಕ್ರಮವು ಬಂದು, 2024ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೇ ಹಿಂದಿರುಗಿದುದನ್ನು ತಾವು ಬಲ್ಲಿರಿ.

ಒಂದು ವರ್ಷದ ಎಂ.ಎ. ಎಂಬುದು ತನ್ನಷ್ಟಕ್ಕೆ ದೋಷವುಳ್ಳದ್ದೆಂದು ನಾನು ಹೇಳಲಾರೆ. ನಾಲ್ಕನೆಯ ವರ್ಷದ ಆನರ್ಸ್ ತರಗತಿಯು ಸಮರ್ಥರಾದ ಅಧ್ಯಾಪಕರಿಂದಲೂ ಒಳ್ಳೆಯ ಗ್ರಂಥಾಲಯದಿಂದಲೂ ಕೂಡಿದ್ದರೆ, ಪ್ರಶ್ನೆಯು ಅಲ್ಲಿಯೇ ಹುಟ್ಟೀತು. ಮುಂದಿನ ಒಂದು ವರ್ಷ ಅದನ್ನು ಬೆಳೆಸಲು ಸಾಕಾದೀತು. ದೊಡ್ಡ ನಗರಗಳ ಕೆಲವು ಕಾಲೇಜುಗಳಲ್ಲಿ ಅದು ಸಾಧ್ಯವಾದೀತು. ಆದರೆ ಖಾಯಂ ಅಧ್ಯಾಪಕರಿಗಿಂತ ಅತಿಥಿ ಉಪನ್ಯಾಸಕರೇ ಹೆಚ್ಚಾಗಿರುವ, ವರ್ಷದ ನಡುವೆ ಅವರ ನೇಮಕವೇ ಅನಿಶ್ಚಿತವಾಗಿರುವ ನಮ್ಮ ಎಷ್ಟೋ ಊರುಗಳ ಕಾಲೇಜುಗಳಲ್ಲಿ ಆ ನಾಲ್ಕನೆಯ ವರ್ಷವು ಬರಿದಾಗಿಯೇ ಕಳೆದು, ಮುಂದಿನ ಒಂದೇ ವರ್ಷದೊಳಗೆ ಸಿದ್ಧತೆಯೂ ಸಂಶೋಧನೆಯೂ ಎರಡೂ ನಡೆಯಬೇಕಾಗಿ ಬಂದರೆ, ನಷ್ಟವಾಗುವುದು ಮನೆಯಲ್ಲಿ ಪುಸ್ತಕವಿಲ್ಲದೆ ಬೆಳೆದ ಮಕ್ಕಳಿಗೆ. ಎಂ.ಎ.ಯಲ್ಲಿ ಶೇಕಡ 55 ಅಂಕ ಬಂದರೆ ಸಾಕು, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ ಶೇಕಡ 50 ಬಂದರೆ ಸಾಕು, ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಗೆ ಅರ್ಹತೆ ದೊರೆಯುತ್ತದೆಂದು ಹೇಳಿ ಈ ನಷ್ಟವನ್ನು ಹಗುರಮಾಡುವವರಿದ್ದಾರೆ. ಅರ್ಹತೆಯು ದೊರೆಯುವುದು ಸತ್ಯ. ನಾನು ಆಡುತ್ತಿರುವ ಮಾತು ಬೇರೆಯದರದ್ದು.

ಕನಕಪುರದ ಆ ರೈತರ ಮಗಳ ವಿಚಾರವನ್ನು ಹೇಳಿದರೆ ಅದು ಸ್ಪಷ್ಟವಾಗಬಹುದು. ಅವಳಿಗೆ ಪ್ರವೇಶ ದೊರೆಯಿತು. ಮೊದಲ ವರ್ಷ ಅವಳು ತರಗತಿಯಲ್ಲಿ ಬಾಯಿಬಿಟ್ಟದ್ದನ್ನು ನಾನು ಕಾಣೆ. ಹಿಂದಿನ ಬೆಂಚಿನಲ್ಲಿ ಕುಳಿತು ಎಲ್ಲವನ್ನೂ ಬರೆದುಕೊಳ್ಳುವಳು, ಸೆಮಿನಾರಿನ ದಿನ ಕೈ ನಡುಗುವುದು. ಮೂರನೆಯ ಸೆಮಿಸ್ಟರಿನಲ್ಲಿ ಭಾಷಾವಿಜ್ಞಾನವನ್ನು ಸಾಫ್ಟ್ ಕೋರ್ ಆಗಿ ಆರಿಸಿಕೊಂಡಳು. ವೃತ್ತಿಪದಗಳ ಸಂಗ್ರಹವನ್ನು ಕುರಿತು ಪಾಠ ನಡೆಯುತ್ತಿದ್ದ ಒಂದು ದಿನ, ತರಗತಿ ಮುಗಿದ ಮೇಲೆ ನನ್ನ ಕೊಠಡಿಯ ಬಾಗಿಲಲ್ಲಿ ನಿಂತು, "ಸರ್, ನಮ್ಮನೇಲಿ ರೇಷ್ಮೆ ಸಾಕ್ತಾರೆ. ಅದರ ಮಾತೆಲ್ಲ ಬೇರೆ ಥರ ಇದಾವೆ. ಅದನ್ನ ಬರೀಬಹುದಾ?" ಎಂದು ಕೇಳಿದಳು. ನಾಲ್ಕನೆಯ ಸೆಮಿಸ್ಟರು ಮುಗಿಯುವ ವೇಳೆಗೆ ಅವಳು ಮೂರು ಹೋಬಳಿಗಳ ಮನೆಗಳನ್ನು ಸುತ್ತಿ, ಮೊಟ್ಟೆಯಿಂದ ಗೂಡಿನ ಮಾರುಕಟ್ಟೆಯವರೆಗೆ ಸಲ್ಲುವ ನೂರಾರು ಮಾತುಗಳನ್ನು, ಆಡಿದವರ ಉಚ್ಚಾರಣೆಯೊಡನೆ, ಒಂದು ನೋಟುಪುಸ್ತಕದ ತುಂಬ ಬರೆದುಕೊಂಡು ಬಂದಿದ್ದಳು. ಅವಳ ಮೊದಲ ಮಾಹಿತಿದಾರರು ಅವಳ ತಂದೆಯೇ.

ಮೌಖಿಕ ಪರೀಕ್ಷೆಯ ದಿನ ಅವರೂ ಜೊತೆಗೆ ಬಂದು, ಅದೇ ಕಲ್ಲುಜಗಲಿಯ ಮೇಲೆ ಕುಳಿತಿದ್ದರು. ಒಳಗೆ ಹೊರಗಿನ ಪರೀಕ್ಷಕರು, ಭಾಷಾಶಾಸ್ತ್ರದಲ್ಲಿ ಕೃತವಿದ್ಯರಾದ ಹಿರಿಯರು, ಸಂಪ್ರಬಂಧದ ಹಾಳೆಗಳನ್ನು ನಿಧಾನವಾಗಿ ತಿರುವುತ್ತ, "ಹುಳಕ್ಕೆ ಜ್ವರ ಎಂದು ಬರೆದಿದ್ದೀಯಲ್ಲಮ್ಮ, ಅದು ಒಂದು ರೋಗವೇ?" ಎಂದು ಕೇಳಿದರು. "ಅಲ್ಲ ಸರ್. ಪೊರೆ ಬಿಡೋ ಮುಂಚೆ ಹುಳ ಸೊಪ್ಪು ಮುಟ್ಟದೆ, ತಲೆ ಎತ್ಕೊಂಡು ಸುಮ್ಮನೆ ಇರ್ತದೆ. ಅದಕ್ಕೆ ಜ್ವರ ಅಂತಾರೆ. ನಾಲ್ಕು ಜ್ವರ ಎದ್ದ ಮೇಲೇನೇ ಅದು ಹಣ್ಣಾಗೋದು, ಗೂಡು ಕಟ್ಟೋದು" ಎಂದಳು. ಅವಳ ಕೈ ನಡುಗಲಿಲ್ಲ. ಪರೀಕ್ಷಕರು ಲೇಖನಿ ತೆಗೆದು ತಮ್ಮ ಚೀಟಿಯಲ್ಲಿ ಏನನ್ನೋ ಬರೆದುಕೊಂಡರು. ಬಳಿಕ, ಹಣ್ಣಾದ ಹುಳವನ್ನು ಬಿಡುವ ಬಿದಿರಿನ ಚಂದ್ರಿಕೆಗೆ ಆ ಹೆಸರು ಹೇಗೆ ಬಂತೆಂದು ಹಳಬರು ಏನಾದರೂ ಹೇಳುತ್ತಾರೆಯೇ ಎಂದು ಕೇಳಿದರು. ಅದು ಅವಳ ಪುಸ್ತಕದಲ್ಲಿರಲಿಲ್ಲ. ಒಂದು ಕ್ಷಣ ತಡೆದು, "ನಮ್ಮಪ್ಪ ಹೊರಗೆ ಕೂತವ್ರೆ ಸರ್. ಕೇಳ್ಕೊಂಡು ಬರ್ಲಾ?" ಎಂದಳು.

ಮೌಖಿಕ ಪರೀಕ್ಷೆಯ ನಿಯಮಗಳಲ್ಲಿ ಇದಕ್ಕೆ ಎಡೆಯಿಲ್ಲ. ಪರೀಕ್ಷಕರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು, "ಬೇಡಮ್ಮ, ಅವರನ್ನೇ ಒಳಗೆ ಕರಿ" ಎಂದರು. ಅವರು ಟವೆಲನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ಬಂದು ನಿಂತಾಗ, ನಾನು ಎದ್ದು ಒಂದು ಕುರ್ಚಿಯನ್ನು ತಂದು ಮೇಜಿನ ಬಳಿಗೆ ಹಾಕಿದೆನು.